ಬೆಳಕಿನ ಹಾದಿಯಲ್ಲಿ ಕುದಿಯುವ ಗಾಳಿ



ಏಪ್ರಿಲ್ ತಿಂಗಳ ಮಧ್ಯಾಹ್ನ ಬಂಗಾರಪೇಟೆಯಿಂದ ಕೆ.ಜಿ.ಎಫ್. ಕಡೆಗೆ ಬಸ್ಸಿನಲ್ಲಿ ಹೋದವರಿಗೆ ಒಂದು ನೋಟ ಚೆನ್ನಾಗಿ ಪರಿಚಯ. ಮುಂದಿನ ಡಾಂಬರು ರಸ್ತೆಯ ಮೇಲೆ ಯಾರೋ ನೀರು ಚೆಲ್ಲಿದಂತೆ ಕಾಣುತ್ತದೆ. ಹತ್ತಿರ ಹೋದರೆ ಒಂದು ಹನಿಯೂ ಇರುವುದಿಲ್ಲ. ಎದುರಿಗೆ ಬರುವ ಲಾರಿಯ ಚಕ್ರಗಳು ಕರಗಿ, ಮತ್ತೆ ಕೂಡಿಕೊಂಡು, ಮತ್ತೆ ಕರಗುತ್ತವೆ. ಆ ನೀರಿನ ಭ್ರಮೆಯನ್ನು ನಮ್ಮ ಹಿರಿಯರು ಬಿಸಿಲ್ಗುದುರೆ ಎಂದು ಕರೆದರು. ಅದರ ಜೊತೆಯಲ್ಲೇ ಕಾಣುವ ಆ ನಡುಕಕ್ಕೆ ಮಾತ್ರ ಯಾರೂ ಹೆಸರಿಟ್ಟಂತಿಲ್ಲ. ಈ ಲೇಖನ ಆ ನಡುಕವನ್ನು ಕುರಿತದ್ದು.

ದೂರದರ್ಶನದ ಕೆಲಸದಲ್ಲಿ ನಮಗೆ ಈ ನಡುಕ ಹಳೆಯ ವೈರಿ. ದೂರದ ವಸ್ತುವನ್ನು ಟೆಲಿ ಲೆನ್ಸ್ ಹಾಕಿ ತೆಗೆಯುವಾಗ ಮಾನಿಟರಿನಲ್ಲಿ ಚಿತ್ರ ನೀರಿನೊಳಗೆ ಮುಳುಗಿಸಿದಂತೆ ಅಲುಗುತ್ತದೆ. ಕೆ.ಜಿ.ಎಫ್.ನ ಸೈನೈಡ್ ದಿಬ್ಬಗಳ ಮುಂದೆ ಕ್ಯಾಮೆರಾ ಇಟ್ಟು ನೋಡಿದರೆ ಇದು ಇನ್ನೂ ಸ್ಪಷ್ಟ. ಚಿನ್ನ ತೆಗೆದ ಮೇಲೆ ಉಳಿದ ಮೂರು ಕೋಟಿ ಟನ್ನಿಗೂ ಹೆಚ್ಚಿನ ಅದಿರಿನ ಪುಡಿ ಅಲ್ಲಿ ಗುಡ್ಡಗಳಾಗಿ ಬಿದ್ದಿದೆ. ಗಿಡಮರವಿಲ್ಲದ ಆ ಬೋಳು ಮೈ ಬಿಸಿಲಿಗೆ ಕಾದು, ಅದನ್ನು ತಾಗಿದ ಗಾಳಿಯನ್ನೂ ಕಾಯಿಸುತ್ತದೆ. ಅಂತಹ ಚಿತ್ರಗಳನ್ನು ನಾನು ಎಷ್ಟೋ ವರ್ಷ ‘ಉಪಯೋಗವಿಲ್ಲ’ ಎಂದು ಬದಿಗಿಟ್ಟಿದ್ದೇನೆ. ಈ ಬಾರಿಯ ಚರ್ಚೆಗೆ ಚಿತ್ರೀಕರಣ ನಡೆಸುವಾಗ, ಬದಿಗಿಟ್ಟದ್ದೇ ನಮ್ಮ ವಿಷಯವೆಂಬುದು ತಡವಾಗಿ ಹೊಳೆಯಿತು. ಅರ್ಧ ಗಂಟೆಯ ಮಾತುಕತೆಯಲ್ಲಿ ಹಿಡಿಸದೇ ಹೋದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಚರ್ಚೆಯ ವಿಷಯವನ್ನು ನೆನಪಿಸಿಕೊಳ್ಳೋಣ. ಇಂದು ನಿಮ್ಮ ಫೋನಿನ ಮಾತು, ಚಿತ್ರ, ಪರೀಕ್ಷೆಯ ಫಲಿತಾಂಶ ಎಲ್ಲವೂ ದಾರಿಯ ಬಹುಭಾಗವನ್ನು ಬೆಳಕಿನ ರೂಪದಲ್ಲಿ ಕ್ರಮಿಸುತ್ತವೆ. ಕೂದಲಿನಷ್ಟು ಸಣ್ಣ ಗಾಜಿನ ಎಳೆಯೊಳಗೆ ಲೇಸರ್ ಬೆಳಕು ಕ್ಷಣಕ್ಕೆ ಕೋಟಿಗಟ್ಟಲೆ ಬಾರಿ ಹತ್ತಿ ಆರುತ್ತ ಸುದ್ದಿಯನ್ನು ಒಯ್ಯುತ್ತದೆ. ಆದರೆ ಗಾಜಿನ ಎಳೆಯನ್ನು ನೆಲದಲ್ಲಿ ಹೂಳಬೇಕು. ಬಂಡೆ ಅಗೆಯಬೇಕು, ಹೊಳೆ ದಾಟಬೇಕು, ರೈಲ್ವೆ ಹಳಿಯ ಕೆಳಗೆ ತೂರಿಸಲು ಅಪ್ಪಣೆ ಪಡೆಯಬೇಕು. ಇದಕ್ಕೆ ಹಣ ಬೇಕು, ಕಾಲ ಬೇಕು. ಹಾಗಿದ್ದರೆ ಗಾಜಿನ ಎಳೆಯನ್ನೇ ಬಿಟ್ಟು, ಒಂದು ಕಟ್ಟಡದ ಮೇಲಿಂದ ಇನ್ನೊಂದು ಕಟ್ಟಡದ ಮೇಲಕ್ಕೆ ಬಯಲಿನಲ್ಲೇ ಬೆಳಕನ್ನು ಹಾಯಿಸಿದರೆ? ಇದೇ ಬಯಲು ದ್ಯುತಿ ಸಂವಹನ.

ಈ ವಿಚಾರ ಹೊಸದೇನಲ್ಲ. ಟೆಲಿಫೋನಿಗೆ ಹೆಸರಾದ ಅಲೆಕ್ಸಾಂಡರ್ ಗ್ರಹಾಂ ಬೆಲ್ 1880ರಲ್ಲೇ ಸೂರ್ಯನ ಬೆಳಕಿನ ಮೇಲೆ ಮಾತನ್ನು ಕೂರಿಸಿ 213 ಮೀಟರ್ ದೂರ ಕಳುಹಿಸಿದ. ಆ ಯಂತ್ರವನ್ನು ಫೋಟೋಫೋನ್ ಎಂದು ಕರೆದ. ತನ್ನ ಸಂಶೋಧನೆಗಳಲ್ಲಿ ಅದೇ ಹೆಚ್ಚಿನದೆಂದು ನಂಬಿದ್ದ. ಲೇಸರ್ ಬಂದ ಮೇಲೆ ಆ ಹಳೆಯ ಕನಸಿಗೆ ಮತ್ತೆ ಜೀವ ಬಂತು. 2017ರ ಡಿಸೆಂಬರಿನಲ್ಲಿ ನೆರೆಯ ಆಂಧ್ರಪ್ರದೇಶದ ಫೈಬರ್‌ನೆಟ್ ಸಂಸ್ಥೆ, ಗೂಗಲ್‌ನ ಸೋದರ ಸಂಸ್ಥೆಯಾದ ಎಕ್ಸ್‌ನೊಂದಿಗೆ ಇಂತಹ ಎರಡು ಸಾವಿರ ಬೆಳಕಿನ ಪೆಟ್ಟಿಗೆಗಳಿಗಾಗಿ ಒಪ್ಪಂದ ಮಾಡಿಕೊಂಡಿತು. ಕೆ.ಜಿ.ಎಫ್.ನಿಂದ ಪೂರ್ವಕ್ಕೆ ಕೆಲವೇ ಕಿಲೋಮೀಟರ್ ನಡೆದರೆ ಆಂಧ್ರದ ಗಡಿ. ಆದುದರಿಂದ ಇದು ದೂರದ ದೇಶದ ಕಥೆಯೆಂದು ತಿಳಿಯಬೇಡಿ. 2021ರಲ್ಲಿ ಆಫ್ರಿಕದ ಕಾಂಗೋ ನದಿಯ ಎರಡು ದಡಗಳ ರಾಜಧಾನಿಗಳಾದ ಬ್ರಾಜಾವಿಲ್ ಮತ್ತು ಕಿನ್ಶಾಸಾ ನಡುವೆ ಇಂತಹದೇ ಕಿರಣ 4.8 ಕಿಲೋಮೀಟರ್ ನೀರು ದಾಟಿ, 20 ದಿನಗಳಲ್ಲಿ ಸುಮಾರು 700 ಟೆರಾಬೈಟ್ ಮಾಹಿತಿಯನ್ನು ಸಾಗಿಸಿತು.

ಇಷ್ಟು ಓದಿಕೊಂಡು, ಒಂದು ಸಣ್ಣ ಪ್ರಾತ್ಯಕ್ಷಿಕೆಯನ್ನು ಶಾಲಾ ಮಕ್ಕಳ ಜೊತೆಗೇ ಮಾಡಿ ತೋರಿಸೋಣವೆಂದು ನಮ್ಮ ತಂಡ ಕೆ.ಜಿ.ಎಫ್.ನ ಒಂದು ಪ್ರೌಢಶಾಲೆಗೆ ಹೋಯಿತು. ಸಲಕರಣೆ ಬಹಳ ಸರಳ. ಕಡಿಮೆ ಶಕ್ತಿಯ ಒಂದು ಲೇಸರ್ ಪಾಯಿಂಟರ್. ರೇಡಿಯೋದ ಧ್ವನಿಗೆ ತಕ್ಕಂತೆ ಅದರ ಬೆಳಕು ಹೆಚ್ಚು ಕಡಿಮೆಯಾಗುವಂತೆ ಮಾಡುವ ಪುಟ್ಟ ಸರ್ಕ್ಯೂಟ್. ಮೈದಾನದ ಇನ್ನೊಂದು ತುದಿಯಲ್ಲಿ, ಸುಮಾರು 150 ಮೀಟರ್ ಆಚೆ, ಕಪ್ಪು ಕಾಗದದ ಕೊಳವೆಯೊಳಗೆ ಕೂರಿಸಿದ ಮೆಣಸಿನ ಕಾಳಿಗಿಂತ ಅಷ್ಟೇನೂ ದೊಡ್ಡದಲ್ಲದ ಒಂದು ದ್ಯುತಿಕೋಶ, ಅದಕ್ಕೆ ಸ್ಪೀಕರ್. ಚಿತ್ರೀಕರಣದ ಹಿಂದಿನ ಸಂಜೆ, ಕತ್ತಲಾದ ಮೇಲೆ ಪರೀಕ್ಷಿಸಿದೆವು. ಬೆಂಗಳೂರು ಆಕಾಶವಾಣಿಯ ವಾರ್ತೆ ಗಂಟೆ ಹೊಡೆದಷ್ಟು ಸ್ಪಷ್ಟವಾಗಿ ಕೇಳಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಮುಖ್ಯೋಪಾಧ್ಯಾಯರು, “ಹಾಗಾದರೆ ಇದರಿಂದ ನಮ್ಮ ಶಾಲೆಗೂ ಇಂಟರ್‌ನೆಟ್ ತರಬಹುದಲ್ಲವೇ ಸಾರ್? ನೆಲ ಅಗೆಯೋ ಖರ್ಚೇ ಇಲ್ಲವಲ್ಲ” ಎಂದರು. ನಾನು ಗೆದ್ದ ಹುರುಪಿನಲ್ಲಿದ್ದೆ. “ಧಾರಾಳವಾಗಿ” ಎಂದುಬಿಟ್ಟೆ.

ಮರುದಿನ ಮಧ್ಯಾಹ್ನ ಹನ್ನೆರಡೂವರೆಗೆ ಕ್ಯಾಮೆರಾ ಚಾಲೂ ಆಯಿತು. ಸ್ಪೀಕರಿನಿಂದ ಬಂದದ್ದು ಗೊರಗೊರ ಶಬ್ದ. ನಡುನಡುವೆ ವಾರ್ತಾವಾಚಕರ ಒಂದೊಂದು ಪದ. ಮತ್ತೆ ಯಾರೋ ಬಾಯಿ ಮುಚ್ಚಿದಂತೆ ಮೌನ. ಬ್ಯಾಟರಿ ಬದಲಾಯಿಸಿದೆವು. ತಂತಿ ಬದಲಾಯಿಸಿದೆವು. ನಮ್ಮ ತಂತ್ರಜ್ಞರು ಬೆವರು ಒರೆಸಿಕೊಳ್ಳುತ್ತ ಬೆಸುಗೆಗಳನ್ನೆಲ್ಲ ಮತ್ತೊಮ್ಮೆ ಹಾಕಿದರು. ಅವರ ಮೇಲೆ ನಾನು ಎಲ್ಲರೆದುರಿಗೆ ಸಿಡುಕಿದ್ದು ಈಗಲೂ ನನಗೆ ನಾಚಿಕೆಯ ವಿಷಯ. ಒಂದು ಗಂಟೆ ಹೀಗೇ ಕಳೆಯಿತು. ಆಗ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ, ಕೊಳವೆಯ ಸುತ್ತ ಗೋಡೆಯ ಮೇಲೆ ಬಿದ್ದಿದ್ದ ಕೆಂಪು ಬೆಳಕನ್ನು ಬೊಟ್ಟು ಮಾಡಿ ತೋರಿಸಿದಳು. “ಸಾರ್, ಮಿಷನ್ ಸರಿಯಾಗೇ ಐತೆ. ಬೆಳಕು ಕುಣೀತಾ ಐತೆ ನೋಡಿ. ನಮ್ಮನೆ ಶೀಟ್ ಮೇಲೆ ಮಧ್ಯಾಹ್ನ ಇಂಗೇ ಕಾಣ್ತದೆ.”

ಬಿ.ಎಸ್‌ಸಿ.ಯಲ್ಲಿ ದೃಗ್ವಿಜ್ಞಾನ ಓದಿದವನು ನಾನು. ಆದರೆ ಗೋಡೆಯನ್ನು ನೋಡಿದವಳು ಆಕೆ. ಅಂಗೈ ಅಗಲದ ಆ ಕೆಂಪು ಮಚ್ಚೆ ಒಂದೇ ಸಮನಾಗಿರಲಿಲ್ಲ. ಅದರೊಳಗೆ ಕಪ್ಪು ಗೆರೆಗಳು, ಹೊಳೆಯುವ ಕಲೆಗಳು ಹರಿದಾಡುತ್ತಿದ್ದವು. ಕೆರೆಯ ತಳದಲ್ಲಿ ಬಿಸಿಲಿನ ಬಲೆ ಓಡಾಡುವಂತೆ. ಪುಟ್ಟ ದ್ಯುತಿಕೋಶದ ಮೇಲೆ ಹೊಳೆವ ಕಲೆ ಹಾದಾಗ ಧ್ವನಿ ಬರುತ್ತಿತ್ತು, ಕಪ್ಪು ಗೆರೆ ಹಾದಾಗ ಅಡಗುತ್ತಿತ್ತು.

ಅಲ್ಲಿ ನಡೆದದ್ದೇನು? ಬೆಳಕು ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ಹೋಗುವಾಗ ಬಾಗುತ್ತದೆಂಬುದು ನಿಮಗೆ ತಿಳಿದೇ ಇದೆ. ನೀರಿನ ಲೋಟದಲ್ಲಿಟ್ಟ ಪೆನ್ಸಿಲ್ ಮುರಿದಂತೆ ಕಾಣುವುದು ಇದರಿಂದಲೇ. ಬಿಸಿ ಗಾಳಿ ಮತ್ತು ತಂಪು ಗಾಳಿ ಕೂಡ ಬೆಳಕಿನ ದೃಷ್ಟಿಯಲ್ಲಿ ಎರಡು ಬೇರೆ ಬೇರೆ ಮಾಧ್ಯಮಗಳು. ಬಿಸಿಯಾದ ಗಾಳಿ ಹಿಗ್ಗಿ ವಿರಳವಾಗುತ್ತದೆ, ಅದರ ವಕ್ರೀಭವನಾಂಕ ಕಡಿಮೆಯಾಗುತ್ತದೆ. ಎಷ್ಟು ಕಡಿಮೆ? ಒಂದು ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸಕ್ಕೆ ಹತ್ತು ಲಕ್ಷದಲ್ಲಿ ಒಂದು ಭಾಗಕ್ಕಿಂತಲೂ ತುಸು ಕಡಿಮೆ. ಇಷ್ಟು ಅಲ್ಪವಾದುದು ಏನು ಮಾಡೀತು ಎಂದು ನಿಮಗೆ ಅನಿಸಬಹುದು. ಲೆಕ್ಕ ಹಾಕಿ ನೋಡಿ. ಐದು ಕಿಲೋಮೀಟರ್ ದಾರಿಯ ಹತ್ತು ಲಕ್ಷದ ಒಂದು ಭಾಗವೆಂದರೆ 5 ಮಿಲಿಮೀಟರ್. ಸಂವಹನಕ್ಕೆ ಬಳಸುವ ಅವಕೆಂಪು ಬೆಳಕಿನ ತರಂಗಾಂತರ ಒಂದು ಮಿಲಿಮೀಟರಿನ ಸಾವಿರದ ಒಂದೂವರೆ ಭಾಗ. ಅಂದರೆ ದಾರಿಯುದ್ದಕ್ಕೂ ಒಂದು ಡಿಗ್ರಿ ಬೆಚ್ಚಗಿನ ಗಾಳಿಯಲ್ಲಿ ಬಂದ ಬೆಳಕಿಗೂ ಪಕ್ಕದ ತಂಪು ಗಾಳಿಯಲ್ಲಿ ಬಂದ ಬೆಳಕಿಗೂ ಮೂರು ಸಾವಿರ ತರಂಗಗಳಷ್ಟು ವ್ಯತ್ಯಾಸವಾಗಬಲ್ಲದು! ಬೆಳಕಿನ ಅಲೆಗಳು ಒಂದರ ಮೇಲೊಂದು ಕೂಡಿ ಹೊಳಪಾಗಲು ಅಥವಾ ಒಂದನ್ನೊಂದು ಹೊಡೆದು ಕತ್ತಲಾಗಲು ಅರ್ಧ ತರಂಗದ ವ್ಯತ್ಯಾಸವೇ ಸಾಕು.

ವಾಸ್ತವದಲ್ಲಿ ಗಾಳಿ ಹೀಗೆ ಉದ್ದುದ್ದ ಪಟ್ಟಿಗಳಾಗಿ ನಿಂತಿರುವುದಿಲ್ಲ. ಕಾದ ನೆಲದಿಂದ ದೊಡ್ಡ ದೊಡ್ಡ ಬಿಸಿ ಮುದ್ದೆಗಳು ಏಳುತ್ತವೆ. ಗಾಳಿ ಬೀಸಿ ಅವು ಒಡೆದು ಚಿಕ್ಕ ಸುಳಿಗಳಾಗುತ್ತವೆ, ಆ ಚಿಕ್ಕವು ಇನ್ನೂ ಚಿಕ್ಕವಾಗುತ್ತವೆ. ಕೊನೆಗೆ ಕೆಲವು ಮಿಲಿಮೀಟರ್ ಗಾತ್ರಕ್ಕೆ ಬಂದು ಕರಗಿಹೋಗುತ್ತವೆ. ಕಾಯುತ್ತಿರುವ ಎಸರಿನ ಪಾತ್ರೆಯೊಳಗೆ ಬಗ್ಗಿ ನೋಡಿದರೆ ಇಂತಹುದೇ ಹೊರಳಾಟ ಕಾಣುತ್ತದೆ. ಈ ಒಡೆಯುವಿಕೆಗೂ ಒಂದು ಕ್ರಮವಿದೆಯೆಂದು ರಷ್ಯದ ಗಣಿತಜ್ಞ ಕೊಲ್ಮೊಗೊರೊವ್ 1941ರಲ್ಲಿ ತೋರಿಸಿದ. ಒಂದೊಂದು ಸುಳಿಯನ್ನೂ ಹಿಂಬಾಲಿಸುವುದು ಯಾರಿಂದಲೂ ಆಗದು. ಆದರೆ ಯಾವ ಗಾತ್ರದ ಸುಳಿಗಳಲ್ಲಿ ಎಷ್ಟು ಶಕ್ತಿ ಹಂಚಿಕೆಯಾಗಿದೆ ಎಂಬುದನ್ನು ಸರಾಸರಿಯಾಗಿ ಹೇಳಬಹುದು. ಬೆಳಕಿನ ಸಂವಹನದವರ ಲೆಕ್ಕಾಚಾರವೆಲ್ಲ ಇಂದಿಗೂ ಆ ತಳಹದಿಯ ಮೇಲೆಯೇ ನಿಂತಿದೆ.

ದೊಡ್ಡ ಸುಳಿಗಳು ಇಡೀ ಕಿರಣವನ್ನೇ ಅತ್ತಿತ್ತ ವಾಲಿಸುತ್ತವೆ. ಆಗ ಬೆಳಕಿನ ಮಚ್ಚೆ ಗ್ರಾಹಕದಿಂದ ಸರಿದುಹೋಗುತ್ತದೆ. ಚಿಕ್ಕವು ಕಿರಣವನ್ನು ಒಳಗಿನಿಂದ ಕೆದರಿ ಅಗಲವಾಗಿಸುತ್ತವೆ. ಇವೆರಡನ್ನೂ ಹೇಗೋ ಸಂಭಾಳಿಸಬಹುದು. ನಿಜವಾದ ತೊಂದರೆ ನಡುವಿನ ಗಾತ್ರದ ಸುಳಿಗಳದು. ಐದು ಕಿಲೋಮೀಟರ್ ದಾರಿಗೆ ಇವು ಸುಮಾರು 9 ಸೆಂಟಿಮೀಟರ್, ನಮ್ಮ ಮೈದಾನದಂತಹ ದೂರಕ್ಕೆ ಸುಮಾರು ಒಂದು ಸೆಂಟಿಮೀಟರ್. ಇವು ಒಂದೊಂದೂ ದುರ್ಬಲ ಮಸೂರದಂತೆ ವರ್ತಿಸಿ, ಬೆಳಕನ್ನು ಒಂದೆಡೆ ಗುಡ್ಡೆ ಹಾಕಿ ಇನ್ನೊಂದೆಡೆ ಬರಿದು ಮಾಡುತ್ತವೆ. ಗಾಳಿ ಬೀಸಿದಂತೆ ಈ ಮಸೂರಗಳ ಸಾಲು ಕಿರಣಕ್ಕೆ ಅಡ್ಡಲಾಗಿ ಹರಿಯುತ್ತದೆ, ಗ್ರಾಹಕದ ಮೇಲಿನ ಬೆಳಕು ಮಿನುಗುತ್ತದೆ. ನಕ್ಷತ್ರ ಮಿನುಗುವುದೂ ಇದೇ ಕಾರಣಕ್ಕೆ. ಸುಬ್ರಹ್ಮಣ್ಯನ್ ಚಂದ್ರಶೇಖರ್ 1952ರಲ್ಲಿ ನಕ್ಷತ್ರಗಳ ಮಿನುಗಿಗೆ ಸಂಖ್ಯಾಶಾಸ್ತ್ರದ ಬುನಾದಿ ಹಾಕುವ ಪ್ರಬಂಧವೊಂದನ್ನು ಪ್ರಕಟಿಸಿದರು. ಕವಿಗಳ ಪಾಲಿಗೆ ಚೆಲುವಾದದ್ದು ಖಗೋಳಜ್ಞರ ಪಾಲಿಗೆ ಕಾಟ. ಎರಡು ಮೀಟರ್ ಅಗಲದ ದೂರದರ್ಶಕವೂ ಗಾಳಿ ಕದಡಿದ ರಾತ್ರಿ ಹತ್ತು ಸೆಂಟಿಮೀಟರ್ ದೂರದರ್ಶಕಕ್ಕಿಂತ ಹೆಚ್ಚಿನ ವಿವರವನ್ನು ಕೊಡಲಾರದು.

ಮಿನುಗಿನಿಂದ ಸಂವಹನಕ್ಕೆ ಆಗುವ ನಷ್ಟವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಏಕೆಂದರೆ ನಾನು ತಪ್ಪಿದ್ದು ಇಲ್ಲಿಯೇ. ಸೆಕೆಂಡಿಗೆ ನೂರು ಕೋಟಿ ಬಿಟ್ ಸಾಗಿಸುವ ಒಂದು ಕಿರಣ, ಒಂದು ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಹೊತ್ತು ಮಂಕಾಯಿತೆನ್ನಿ. ಕಣ್ಣೆವೆ ಮುಚ್ಚಿ ತೆರೆಯುವುದಕ್ಕೆ ಇದರ ಹತ್ತು ಪಟ್ಟಿಗೂ ಹೆಚ್ಚು ಹೊತ್ತು ಬೇಕು. ಅಷ್ಟರಲ್ಲಿ ಕಳೆದುಹೋಗುವುದು ಒಂದು ಕೋಟಿ ಬಿಟ್. ಸಾಧಾರಣ ಗಾತ್ರದ ಒಂದು ಕನ್ನಡ ಕಾದಂಬರಿಯ ಇಡೀ ಪಠ್ಯದಷ್ಟು. ಕಳೆದುದನ್ನು ಮತ್ತೆ ಕಳುಹಿಸೆಂದು ಗ್ರಾಹಕ ಕೇಳಬಹುದು ನಿಜ. ಆದರೆ ಬೇಸಗೆಯ ಮಧ್ಯಾಹ್ನ ಇಂತಹ ಮಂಕು ಮತ್ತೆ ಮತ್ತೆ ಬರುತ್ತಿದ್ದರೆ ಕೇಳುವುದರಲ್ಲೇ ಹೊತ್ತು ಹೋಗುತ್ತದೆ.

ಇಲ್ಲಿ ಸರಾಸರಿಯನ್ನು ನಂಬುವಂತಿಲ್ಲ. ಗ್ರಾಹಕಕ್ಕೆ ಬೀಳುವ ಬೆಳಕಿನ ಸರಾಸರಿ ಮಧ್ಯಾಹ್ನವೂ ಸಾಕಷ್ಟಿರಬಹುದು. ಎಸ್.ಎಸ್.ಎಲ್.ಸಿ.ಯಲ್ಲಿ ಆರು ವಿಷಯಗಳ ಸರಾಸರಿ 70 ಬಂದರೂ ಗಣಿತದಲ್ಲಿ 20 ಬಂದ ಹುಡುಗನ ಸ್ಥಿತಿ ನಿಮಗೆ ಗೊತ್ತು. ಬೆಳಕಿನ ಕೊಂಡಿಯೂ ಹಾಗೆಯೇ, ಪಾಸಾಗುವುದು ಕನಿಷ್ಠದ ಮೇಲೆ. ಶಾಂತವಾದ ಸಂಜೆಯಲ್ಲಿ ಅಳೆದು ‘ಧಾರಾಳವಾಗಿ’ ಎಂದು ಮಾತು ಕೊಟ್ಟರೆ, ಮಕ್ಕಳು ಫಲಿತಾಂಶ ನೋಡಲು, ಅರ್ಜಿ ತುಂಬಲು ಕಂಪ್ಯೂಟರಿನ ಮುಂದೆ ಕೂರುವ ಹಗಲು ಹೊತ್ತಿನಲ್ಲಿ ಅದು ಕೈಕೊಡುತ್ತದೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಕೆಲಸಕ್ಕಾಗಿ ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ ನಿಲ್ದಾಣಗಳಿಂದ ದಿನವೂ ಬೆಂಗಳೂರಿಗೆ ರೈಲು ಹತ್ತುವ ಊರು ಅದು. ಅಲ್ಲಿಯ ಮಕ್ಕಳಿಗೆ ಒಂದು ಅರ್ಜಿ ತಪ್ಪುವುದೆಂದರೆ ಸಣ್ಣ ಮಾತಲ್ಲ.

ಹಗಲಿನ ಗಾಳಿಯ ಈ ಗುಣ ನಮಗಿಂತ ಬಹಳ ಮುಂಚೆಯೇ ಸರ್ವೆಯವರಿಗೆ ಗೊತ್ತಿತ್ತು. ಕೋಲಾರದ ಚಿನ್ನದ ಆಧುನಿಕ ಕಥೆ ಶುರುವಾಗುವುದೇ ಒಬ್ಬ ಸರ್ವೆಯವನಿಂದ. ಲೆಫ್ಟಿನೆಂಟ್ ಜಾನ್ ವಾರನ್ 1802ರಲ್ಲಿ ಮೈಸೂರು ರಾಜ್ಯದ ಪೂರ್ವ ಗಡಿಯನ್ನು ಗುರುತಿಸುವ ಕೆಲಸಕ್ಕೆ ಬಂದವನು, ಇಲ್ಲಿ ಮಣ್ಣಿನಲ್ಲಿ ಚಿನ್ನ ಸಿಗುತ್ತದೆಂಬ ಮಾತು ಕೇಳಿ, ಊರಿಗಾಂ, ಮಾರಿಕುಪ್ಪಂಗಳಲ್ಲಿ ಜನ ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಪರೀಕ್ಷಿಸಿ ವರದಿ ಬರೆದ. ಮುಂದೆ 1805ರಿಂದ 1811ರವರೆಗೆ ಇದೇ ವಾರನ್ ಮದರಾಸು ವೀಕ್ಷಣಾಲಯದ ಹೊಣೆ ಹೊತ್ತಿದ್ದ. ಹಗಲಿನಲ್ಲಿ ಬೆಟ್ಟದಿಂದ ಬೆಟ್ಟಕ್ಕೆ ನೋಟ ಹಾಯಿಸುವುದು, ಇರುಳಿನಲ್ಲಿ ನಕ್ಷತ್ರಕ್ಕೆ ನೋಟ ಹಾಯಿಸುವುದು. ಎರಡರ ನಡುವೆಯೂ ಅದೇ ಗಾಳಿ! ಮಹಾ ತ್ರಿಕೋನಮಿತಿ ಸರ್ವೆಯನ್ನು ಮುಂದುವರಿಸಿದ ಜಾರ್ಜ್ ಎವರೆಸ್ಟ್ ದೂರದ ಗುರುತುಗಳಿಗೆ ಹಗಲಲ್ಲಿ ಸೂರ್ಯನ ಬೆಳಕನ್ನು ಪ್ರತಿಫಲಿಸುವ ಕನ್ನಡಿಗಳನ್ನೂ ರಾತ್ರಿಯಲ್ಲಿ ದೀಪಗಳನ್ನೂ ಬಳಸಿದ. ಸೂರ್ಯ ಹುಟ್ಟಿ ಸ್ವಲ್ಪ ಹೊತ್ತಿನ ಮೇಲೆ, ಮತ್ತೆ ಮುಳುಗುವುದಕ್ಕೆ ಸ್ವಲ್ಪ ಮುಂಚೆ, ನೆಲದ ಬಿಸಿ ಮತ್ತು ಗಾಳಿಯ ಬಿಸಿ ಸರಿಸಮವಾಗುವ ಒಂದು ಗಳಿಗೆ ಇರುತ್ತದೆ. ಆಗ ಗಾಳಿ ಅತ್ಯಂತ ನಿಶ್ಚಲ. ನಡುಹಗಲಿನಲ್ಲಿ ಕದಡು ಶಿಖರ ಮುಟ್ಟುತ್ತದೆ. ರಾತ್ರಿಯೂ ಕದಡು ಇಲ್ಲದಿಲ್ಲ, ಹಗಲಿನಷ್ಟಿಲ್ಲ, ಅಷ್ಟೆ.

ಮೈದಾನದ ಕಥೆಗೆ ಮರಳೋಣ. ಕಾಯಿಲೆ ತಿಳಿದ ಮೇಲೆ ಮದ್ದು ಹುಡುಕುವುದು ಕಷ್ಟವಾಗಲಿಲ್ಲ. ಮೊದಲು ಪ್ರಯೋಗಾಲಯದ ಒಂದು ದೊಡ್ಡ ಭೂತಗನ್ನಡಿಯನ್ನು ತಂದು ದ್ಯುತಿಕೋಶದ ಮುಂದೆ ಹಿಡಿದೆವು. ಧ್ವನಿ ಒಮ್ಮೆಲೇ ಸುಧಾರಿಸಿತು. ಬೆಳಕು ಹೆಚ್ಚಾಯಿತೆಂಬುದು ಒಂದು ಕಾರಣ. ಅದಕ್ಕಿಂತ ಮುಖ್ಯವಾದುದು ಇನ್ನೊಂದು. ಅಗಲವಾದ ಮಸೂರದ ಮೇಲೆ ಹೊಳೆವ ಕಲೆಗಳೂ ಕಪ್ಪು ಗೆರೆಗಳೂ ಏಕಕಾಲದಲ್ಲಿ ಬೀಳುತ್ತವೆ. ಎಲ್ಲವನ್ನೂ ಕೂಡಿಸಿದಾಗ ಏರಿಳಿತ ಸವೆಯುತ್ತದೆ. ಗ್ರಹಗಳು ನಕ್ಷತ್ರಗಳಂತೆ ಮಿನುಗದಿರುವುದಕ್ಕೂ ಇದೇ ಬಗೆಯ ಕಾರಣ: ಅವು ಚುಕ್ಕೆಗಳಲ್ಲ, ಪುಟ್ಟ ಬಿಲ್ಲೆಗಳು, ಬಿಲ್ಲೆಯ ಒಂದೊಂದು ಭಾಗದ ಮಿನುಗು ಇನ್ನೊಂದರದನ್ನು ಸರಿದೂಗಿಸುತ್ತದೆ.

ಆಮೇಲೆ ಎರಡೂ ಪೆಟ್ಟಿಗೆಗಳನ್ನು ಎದುರುಬದುರಿನ ಕಟ್ಟಡಗಳ ತಾರಸಿಗೆ ಸಾಗಿಸಿದೆವು. ಧ್ವನಿ ಇನ್ನೂ ತಿಳಿಯಾಯಿತು. ಅಲ್ಲಿ ದೂರವೂ ಕೊಂಚ ಕಡಿಮೆಯಿದ್ದುದರಿಂದ ಇದನ್ನು ಶುದ್ಧ ಪ್ರಯೋಗವೆಂದು ನಾನು ಹೇಳಲಾರೆ. ಆದರೆ ನಿಯಮ ಮಾತ್ರ ಖಚಿತವಾದುದೇ. ಹಗಲಿನಲ್ಲಿ ನೆಲದ ಹತ್ತಿರದ ಕದಡು ಎತ್ತರಕ್ಕೆ ಹೋದಂತೆ ವೇಗವಾಗಿ ಇಳಿಯುತ್ತದೆ. ಎತ್ತರ ಎಂಟು ಪಟ್ಟಾದರೆ ಕದಡಿನ ಬಲ ಹದಿನಾರರಲ್ಲಿ ಒಂದು ಪಾಲಿಗೆ ಬರುತ್ತದೆ. ಒಂದೂವರೆ ಮೀಟರಿನ ಸ್ಟ್ಯಾಂಡನ್ನು ಬಿಟ್ಟು ಹನ್ನೆರಡು ಮೀಟರಿನ ಕಂಬ ಹತ್ತುವುದರಲ್ಲಿ ಇಷ್ಟು ಲಾಭವಿದೆ.

ಮೂರನೆಯ ಉಪಾಯಕ್ಕೆ ಬರಿಯ ಜಾಣ್ಮೆ ಸಾಕು. ಇದನ್ನು ನಿಮ್ಮ ನೋಟ್‌ಬುಕ್ಕಿನಲ್ಲೇ ಮಾಡಿ ನೋಡಬಹುದು. ಬಂಗಾರಪೇಟೆ, ಕೋರಮಂಡಲ, ಮುಳಬಾಗಿಲು, ಬೇತಮಂಗಲ, ಕಾಮಸಮುದ್ರ ಎಂಬ ಐದು ಹೆಸರುಗಳನ್ನು ಒಂದರ ಕೆಳಗೊಂದು ಬರೆಯಿರಿ. ಪ್ರತಿಯೊಂದರಲ್ಲೂ ಐದೇ ಅಕ್ಷರ. ಇವನ್ನು ಸಾಲುಸಾಲಾಗಿ ಕಳುಹಿಸುವಾಗ ನಡುವೆ ಐದು ಅಕ್ಷರದಷ್ಟು ಹೊತ್ತು ಬೆಳಕು ಮಂಕಾದರೆ ಮುಳಬಾಗಿಲು ಪೂರ್ತಿ ಮಾಯವಾಗುತ್ತದೆ. ಯಾವ ಊರೆಂದು ಊಹಿಸಲೂ ದಾರಿಯಿಲ್ಲ. ಈಗ ಅವನ್ನೇ ಮೇಲಿಂದ ಕೆಳಕ್ಕೆ ಕಳುಹಿಸಿ: ಮೊದಲು ಬಂ, ಕೋ, ಮು, ಬೇ, ಕಾ, ಆಮೇಲೆ ಗಾ, ರ, ಳ, ತ, ಮ, ಹೀಗೆ. ಅದೇ ಮಂಕು ಮೂರನೆಯ ಗುಂಪಿನ ಮೇಲೆ ಬಂದರೆ ಉಳಿಯುವುದು: ಬಂಗಾ–ಪೇಟೆ, ಕೋರ–ಡಲ, ಮುಳ–ಗಿಲು, ಬೇತ–ಗಲ, ಕಾಮ–ಮುದ್ರ. ಕೋಲಾರ ಜಿಲ್ಲೆಯ ಯಾವ ಮಗುವೂ ಇದನ್ನು ತುಂಬಿಬಿಡುತ್ತದೆ. ಯಂತ್ರಕ್ಕೆ ಊರಿನ ಪರಿಚಯವಿಲ್ಲದ ಕಾರಣ, ಬಿಟ್ಟ ಸ್ಥಳ ತುಂಬಲು ಬೇಕಾದ ಸುಳಿವನ್ನು ಹೆಚ್ಚುವರಿ ಬಿಟ್‌ಗಳ ರೂಪದಲ್ಲಿ ಮೊದಲೇ ಸೇರಿಸಿರುತ್ತಾರೆ. ಮಂಕನ್ನು ತಡೆಯಲಾಗದಿದ್ದರೂ ಅದರ ಪೆಟ್ಟನ್ನು ಹೀಗೆ ಹಂಚಿಬಿಡಬಹುದು.

ದೊಡ್ಡ ಯೋಜನೆಗಳಲ್ಲಿ ಇನ್ನೂ ಹೆಚ್ಚಿನ ವ್ಯವಸ್ಥೆಗಳಿವೆ. 2013ರಲ್ಲಿ ನಾಸಾ ಚಂದ್ರನ ಸುತ್ತ ತಿರುಗುವ ನೌಕೆಯೊಂದರ ಜೊತೆ ಲೇಸರಿನಲ್ಲಿ ಮಾತನಾಡಿದಾಗ, ಭೂಮಿಯಿಂದ ಒಂದರ ಬದಲು ನಾಲ್ಕು ದೂರದರ್ಶಕಗಳ ಮೂಲಕ ಕಿರಣಗಳನ್ನು ಕಳುಹಿಸಿತು. ನಾಲ್ಕೂ ಬೇರೆ ಬೇರೆ ಗಾಳಿಯ ಕಂಬಗಳನ್ನು ಹಾಯುವುದರಿಂದ ಎಲ್ಲವೂ ಒಟ್ಟಿಗೇ ಮಂಕಾಗುವ ಸಂಭವ ಕಡಿಮೆ. ಹೊರೇಸ್ ಬ್ಯಾಬ್‌ಕಾಕ್ 1953ರಲ್ಲಿ ಸೂಚಿಸಿದ ಇನ್ನೊಂದು ದಾರಿಯಲ್ಲಿ ಕನ್ನಡಿಯೇ ತನ್ನ ಮೈಯನ್ನು ಸೆಕೆಂಡಿಗೆ ನೂರಾರು ಬಾರಿ ಅತಿ ಸೂಕ್ಷ್ಮವಾಗಿ ಬಾಗಿಸಿಕೊಂಡು, ಗಾಳಿ ಸುಕ್ಕಾಗಿಸಿದ ಬೆಳಕನ್ನು ಮತ್ತೆ ನೇರ್ಪುಗೊಳಿಸುತ್ತದೆ. ಅಂದಿನ ತಂತ್ರಕ್ಕೆ ಅದು ನಿಲುಕಲಿಲ್ಲ. ಇಂದು ದೊಡ್ಡ ವೀಕ್ಷಣಾಲಯಗಳಲ್ಲಿ ಅದು ಸಾಮಾನ್ಯ.

ನಮ್ಮ ನಾಡಿನಲ್ಲೂ ಈ ಕೆಲಸ ನಡೆದಿದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಎರಡು ಕಟ್ಟಡಗಳ ನಡುವೆ 50 ಮೀಟರ್ ಬಯಲು ಗಾಳಿಯಲ್ಲಿ, ಒಂದೊಂದೇ ಬೆಳಕಿನ ಕಣಗಳ ಮೂಲಕ ರಹಸ್ಯ ಕೀಲಿಯನ್ನು ಕಳುಹಿಸಿದ್ದನ್ನು 2021ರಲ್ಲಿ ಪ್ರಕಟಿಸಿದರು. ಅದೇ ವರ್ಷದ ಮಾರ್ಚಿಯಲ್ಲಿ ಇಸ್ರೋದ ಅಹಮದಾಬಾದ್ ಕೇಂದ್ರ ಇಂತಹುದನ್ನೇ 300 ಮೀಟರಿಗೆ, ರಾತ್ರಿಯ ಹೊತ್ತಿನಲ್ಲಿ, ಮಾಡಿ ತೋರಿಸಿತು. ಐವತ್ತು ಮೀಟರ್ ಎಂದರೆ ಅಷ್ಟೇನೇ ಎಂದು ನಗಬೇಡಿ. ಮುಂದಿನ ಗುರಿ ಉಪಗ್ರಹ. ನೆಲದಿಂದ ಮೇಲಕ್ಕೆ ಹೋಗುವ ಕಿರಣ ಹೊರಡುವಾಗಲೇ ದಟ್ಟವಾದ, ಕದಡಿದ ಗಾಳಿಯನ್ನು ಹಾಯಬೇಕು. ಅಲ್ಲಿ ಅದು ಹತ್ತು ಲಕ್ಷದಲ್ಲಿ ಹತ್ತು ಭಾಗದಷ್ಟು ವಾಲಿದರೂ 500 ಕಿಲೋಮೀಟರ್ ಮೇಲೆ 5 ಮೀಟರ್ ಗುರಿ ತಪ್ಪುತ್ತದೆ. ಮೇಲಿಂದ ಬರುವ ಕಿರಣಕ್ಕೆ ಈ ಕಾಟ ದಾರಿಯ ಕೊನೆಯ ಕೆಲವು ಕಿಲೋಮೀಟರುಗಳಲ್ಲಿ ಮಾತ್ರ. ಆದುದರಿಂದಲೇ ರಾಮನ್ ಸಂಸ್ಥೆಯವರು ಉಪಗ್ರಹಕ್ಕೆ ಕಿರಣ ಕಳುಹಿಸಲು ತಕ್ಕ ಜಾಗಗಳನ್ನು ತೂಗಿ ನೋಡಿ, ಲಡಾಖಿನ ಎತ್ತರದ ಹಾನ್ಲೆಯನ್ನು ಮೇಲೆಂದು ಎಣಿಸಿದ್ದು.

ಮಂಜಿನ ವಿಚಾರವನ್ನು ನಾನು ಎತ್ತಲೇ ಇಲ್ಲವೆಂದು ನೀವು ಕೇಳಬಹುದು. ದಟ್ಟ ಮಂಜು ಬೆಳಕನ್ನು ಅಲುಗಿಸುವುದಿಲ್ಲ, ನುಂಗಿಯೇ ಬಿಡುತ್ತದೆ. ಅದಕ್ಕೆ ಯಾವ ಕನ್ನಡಿಯೂ ಮದ್ದಲ್ಲ. ಆ ಹೊತ್ತಿಗೆ ರೇಡಿಯೋ ಕೊಂಡಿಯೊಂದನ್ನು ಜೊತೆಗಿಟ್ಟುಕೊಳ್ಳುವುದೇ ಜಾಣತನ. ಮುಖ್ಯೋಪಾಧ್ಯಾಯರಿಗೆ ನಾನು ಕೊಡಬೇಕಾಗಿದ್ದ ಉತ್ತರವೂ ಅದೇ: “ತರಬಹುದು ಸಾರ್. ಆದರೆ ಏಪ್ರಿಲ್ ಮಧ್ಯಾಹ್ನ ಒಮ್ಮೆ, ಮಾಗಿಯ ಬೆಳಗಿನಲ್ಲಿ ಒಮ್ಮೆ ಅಳೆದು ನೋಡಿ, ಎತ್ತರದ ಜಾಗ ಹುಡುಕಿ, ಪಕ್ಕದಲ್ಲಿ ಒಂದು ರೇಡಿಯೋ ಇಟ್ಟುಕೊಂಡು.” ಹೊರಡುವ ಮುಂಚೆ ಇಷ್ಟನ್ನು ಹೇಳಿಯೇ ಹೊರಟೆ. ಸಿಡುಕಿದ್ದಕ್ಕೆ ತಂತ್ರಜ್ಞರ ಕ್ಷಮೆಯನ್ನೂ ಕೇಳಿದೆ.

ವಾಪಸು ಬರುವಾಗ ಚಾಂಪಿಯನ್ ರೀಫ್ ಕಡೆಯ ಹಳೆಯ ಗಣಿಯ ಗೋಪುರಗಳನ್ನು ನೋಡುತ್ತ ಒಂದು ಮಾತು ನೆನಪಾಯಿತು. ಗಾಳಿಯೂ ಬಂಡೆಯೂ ಯಾವುದೂ ತಡೆಯದ ಸಂದೇಶವಾಹಕ ಇಲ್ಲವೇ? ಇದೆ, ಅದು ಆ ಗಣಿಯಲ್ಲೇ ಸಿಕ್ಕಿತ್ತು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕ ಮತ್ತು ಇಂಗ್ಲೆಂಡಿನ ಡರ್ಹಾಮ್ ವಿಜ್ಞಾನಿಗಳು ಅಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತನ್ನು ಹಿಡಿದರು. 2012ರಲ್ಲಿ ಅಮೆರಿಕದ ಫರ್ಮಿಲ್ಯಾಬಿನಲ್ಲಿ ನ್ಯೂಟ್ರಿನೋಗಳ ಮೂಲಕ 240 ಮೀಟರ್ ಬಂಡೆಯನ್ನು ಹಾಯಿಸಿ ಒಂದು ಪದವನ್ನು ಕಳುಹಿಸಿದ್ದೂ ಆಯಿತು. ವೇಗ ಎಷ್ಟು ಗೊತ್ತೇ? ಹತ್ತು ಸೆಕೆಂಡಿಗೆ ಒಂದು ಬಿಟ್. ಯಾವುದಕ್ಕೂ ಅಂಟದ ಕಣವನ್ನು ಹಿಡಿಯುವುದೂ ಅಷ್ಟೇ ಕಷ್ಟ. ಸದ್ಯಕ್ಕೆ ನಮಗೆ ನಡುಗುವ ಬೆಳಕೇ ಗತಿ.

ನೀವೇ ನೋಡಬಯಸಿದರೆ ಲೇಸರ್ ಬೇಡ. ಅದರ ಬೆಳಕಿಗೆ ಕಣ್ಣೊಡ್ಡುವುದು ಅಪಾಯ, ಕಡಿಮೆ ಶಕ್ತಿಯದಾದರೂ ಸರಿ. ಬಂಗಾರಪೇಟೆ ಜಂಕ್ಷನ್ನಿನ ಮೇಲ್ಸೇತುವೆಯ ಮೇಲೆ ನಿಂತು ದೂರದ ಸಿಗ್ನಲ್ ದೀಪವನ್ನು ನಡುಹಗಲಿನಲ್ಲಿ ಒಮ್ಮೆ, ಸೂರ್ಯಾಸ್ತಕ್ಕೆ ತುಸು ಮುಂಚೆ ಒಮ್ಮೆ, ರಾತ್ರಿ ಒಮ್ಮೆ ನೋಡಿ, ಹೊತ್ತನ್ನು ಬರೆದಿಟ್ಟುಕೊಳ್ಳಿ. ಇನ್ನು ನಮ್ಮ ಕಾರ್ಯಕ್ರಮದಲ್ಲಿ ಆ ಮಧ್ಯಾಹ್ನದ ಗೊರಗೊರ ಶಬ್ದವನ್ನೂ ನಡುಗುವ ಸೈನೈಡ್ ದಿಬ್ಬವನ್ನೂ ಈ ಬಾರಿ ಕತ್ತರಿಸದೆ ಹಾಗೆಯೇ ಉಳಿಸಿಕೊಂಡಿದ್ದೇವೆ. ಅದು ಬಂದಾಗ ದಯವಿಟ್ಟು ನಿಮ್ಮ ಟಿ.ವಿ. ಸೆಟ್ಟಿನ ತಲೆಗೆ ತಟ್ಟಬೇಡಿ.